ಹೊಸಲಾಚೆಯ ಅಣ್ಣ

ಮನೆಯೊಳಗೆ ‘ರೀ’, ಹೊಸಲು ದಾಟಿದ ಕೂಡಲೇ ‘ಅಣ್ಣ’. ಹೊಲಿಗೆಯಮ್ಮನ ನಾಲಿಗೆ ಇದಕ್ಕೆ ಎಷ್ಟು ಪಳಗಿತ್ತೆಂದರೆ, “ರೀ, ಚೀಲ ತಗೊಂಡ್ರಾ?” ಎಂದು ಒಳಗೆ ಕೇಳಿದವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ “ನಡಿಯಣ್ಣ, ಹೊತ್ತಾಯ್ತು” ಎನ್ನುವಾಗ ನಡುವೆ ಉಸಿರನ್ನೂ ಎಳೆದುಕೊಳ್ಳುತ್ತಿರಲಿಲ್ಲ. ಅಕ್ಕಪಕ್ಕದವರೇನು ಪೆದ್ದರಲ್ಲ. ಈ ಅಣ್ಣತಂಗಿಯರಿಗೆ ಮೂಗಿನಲ್ಲೂ ಹೋಲಿಕೆಯಿಲ್ಲ, ಮಾತಿನಲ್ಲೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಸಾಲುಮನೆಗಳಲ್ಲಿ ಕಾರ್ಖಾನೆಯ ಕಚೇರಿಗೆ ತಿಳಿಯಬಾರದ ಗುಟ್ಟು ಪ್ರತಿ ಮನೆಯಲ್ಲೂ ಒಂದೊಂದಿತ್ತು. ಒಬ್ಬರು ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು, ಇನ್ನೊಬ್ಬರು ತಾರಸಿಯ ಮೇಲೆ ಕೋಳಿ ಸಾಕಿದ್ದರು. ಹಾಗಾಗಿ ಯಾರ ಬಾಯಿಯೂ ಇನ್ನೊಬ್ಬರ ವಿಷಯಕ್ಕೆ ತೆರೆಯುತ್ತಿರಲಿಲ್ಲ.

ಮನೆ ಕಾರ್ಖಾನೆಯದು. ಹೊಲಿಗೆಯಮ್ಮನ ಗಂಡ ಬಾಯ್ಲರಿನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದಾಗಲೇ ತೀರಿಕೊಂಡಿದ್ದ. ಕಾರ್ಖಾನೆಯವರು ಕರುಣೆ ತೋರಿಸಿ ಆ ಎರಡು ಕೋಣೆಯ ಮನೆಯನ್ನು ಅವಳಿಗೇ ಬಿಟ್ಟುಕೊಟ್ಟರು, ಅವಳು ಇನ್ನೊಂದು ಮದುವೆ ಮಾಡಿಕೊಳ್ಳುವವರೆಗೆ. ಮಕ್ಕಳು ಮೊಮ್ಮಕ್ಕಳು ಜೊತೆಗಿರಬಹುದು, ಒಡಹುಟ್ಟಿದವರೂ ಇರಬಹುದು, ಗಂಡ ಎಂಬ ಪ್ರಾಣಿ ಮಾತ್ರ ಇರಬಾರದು. ಕರುಣೆಗೂ ಒಂದು ಅಳತೆ ಇರುತ್ತದಲ್ಲ.

ಗಡಿಯಾರದವರು ಮೊದಲು ಬಂದದ್ದು ಅಂಗಿಯ ಕಾಲರು ತಿರುಗಿಸಿ ಹೊಲಿಸಿಕೊಳ್ಳಲು. ಮಾರುಕಟ್ಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೈಗಡಿಯಾರ ರಿಪೇರಿ ಮಾಡುವ ಮನುಷ್ಯ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಒಂದೇ ಅಂಗಿಯ ಕಾಲರನ್ನು ಎಷ್ಟು ಸಲ ತಿರುಗಿಸಬಹುದು? ಆದರೂ ಬರುತ್ತಲೇ ಇದ್ದರು. ಕೊನೆಗೊಂದು ದಿನ ಹೊಲಿಗೆಯಮ್ಮನೇ, “ಓಡಾಡಿ ಚಪ್ಪಲಿ ಸವೆಸೋ ಬದಲು ಇಲ್ಲೇ ಇರಿ” ಎಂದಳು. ಅಂದಿನಿಂದ ಅವರು ಕಚೇರಿಯ ಕಡತದಲ್ಲಿ ಅವಳ ಅಣ್ಣ.

ಮಗನಿಗೆ ಆಗ ಮದುವೆಯ ವಯಸ್ಸು. ಅವನು ಏನೂ ಹೇಳಲಿಲ್ಲ, ಅವರನ್ನು ಏನೆಂದೂ ಕರೆಯಲೂ ಇಲ್ಲ. ಲಿಫ್ಟ್ ರಿಪೇರಿ ಮಾಡುವವನು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರನ್ನು ಎಳೆದು ಹೊರಹಾಕುವಾಗ ಎಷ್ಟು ಮಾತಾಡಬೇಕೋ ಅಷ್ಟೇ ಮನೆಯಲ್ಲೂ ಮಾತಾಡುತ್ತಿದ್ದ. ಆಮೇಲೆ ಮನೆಗೆ ಬಂದ ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೊಮ್ಮಗಳು ಬಾಯಿ ಬಿಟ್ಟರೆ ನಿಲ್ಲಿಸುತ್ತಿರಲಿಲ್ಲವಾಗಿ ಎಲ್ಲರ ಬಾಯಲ್ಲೂ ಪಟಾಕಿ ಆಗಿದ್ದಳು.

ಗಡಿಯಾರದವರ ಎಡಗಣ್ಣು ಎಂದೋ ಹೋಗಿತ್ತು. ಬಲಗಣ್ಣಿನಲ್ಲೇ ಇಷ್ಟು ವರ್ಷ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸಿದ್ದರು. ಈ ಸಲ ಆ ಕಣ್ಣಿಗೂ ಮೇಲಿನಿಂದ ಕಪ್ಪು ಪರದೆ ಇಳಿಯತೊಡಗಿತು. ಒಳಗಿನ ಪೊರೆ ಕಿತ್ತು ಬಂದಿದೆ ಎಂದು ಊರಿನ ಡಾಕ್ಟರಮ್ಮ ಒಂದು ಸಲ ಅಂಟಿಸಿ ನೋಡಿದರು, ನಿಲ್ಲಲಿಲ್ಲ. “ಪಕ್ಕದ ದೇಶದಲ್ಲಿ ಒಂದು ಧರ್ಮಾಸ್ಪತ್ರೆ ಇದೆ. ಇಂಥ ಎರಡನೇ ಸಲದ ಕೇಸುಗಳನ್ನ ಅವರೇ ಮಾಡೋದು. ತಡಮಾಡ್ಬೇಡಿ” ಎಂದರು. ಆಮೇಲಿನ ಮಾತನ್ನು ಹೊಲಿಗೆಯಮ್ಮನ ಮುಖ ನೋಡಿ ಹೇಳಿದರು: “ಆಪರೇಷನ್ ದೊಡ್ಡದಲ್ಲ, ಆಮೇಲಿನದ್ದೇ ದೊಡ್ಡದು. ಕಣ್ಣೊಳಗೆ ಗಾಳಿ ತುಂಬ್ತಾರೆ. ಆ ಗಾಳಿ ಪೊರೆಯನ್ನ ಒತ್ತಿ ಹಿಡಿಯೋವರೆಗೆ ಇವರು ನೆಲ ನೋಡ್ಕೊಂಡೇ ಇರಬೇಕು. ತಿನ್ನೋದು, ಮಲಗೋದು, ಎಲ್ಲ ಮುಖ ಕೆಳಗೆ ಹಾಕ್ಕೊಂಡೇ. ಆ ಗಾಳಿ ಕರಗೋವರೆಗೆ ವಿಮಾನ ಹತ್ತೋ ಹಾಗೂ ಇಲ್ಲ. ಜೊತೆಗೆ ಒಬ್ಬರು ಇರಲೇಬೇಕು, ಒಂದೇ ಕೋಣೇಲಿ.”

“ನಾನಿರ್ತೀನಲ್ಲ” ಎಂದಳು ಹೊಲಿಗೆಯಮ್ಮ. ಅದರಲ್ಲಿ ಯೋಚಿಸುವುದೇನಿದೆ ಎಂಬಂತೆ ಹೇಳಿದಳು.

ಯೋಚಿಸುವುದಿತ್ತು. ಅದು ಗೊತ್ತಾದದ್ದು ಊಟದ ಹೊತ್ತಿಗೆ. ಸೊಸೆ ಒಂದು ಕೈಯಲ್ಲಿ ಅನ್ನ ಕಲಸುತ್ತ ಇನ್ನೊಂದು ಕೈಯ ಫೋನಿನಲ್ಲಿ ಆಸ್ಪತ್ರೆಯ ಹತ್ತಿರದ ಹೋಟೆಲುಗಳನ್ನು ಹುಡುಕುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

“ಅತ್ತೆ, ಇಲ್ಲೊಂದು ತಕರಾರಿದೆ. ಆ ದೇಶದಲ್ಲಿ ಮದುವೆ ಆಗದ ಗಂಡು ಹೆಣ್ಣಿಗೆ ಒಂದೇ ರೂಮು ಕೊಡಲ್ವಂತೆ. ಎಲ್ಲ ಹೋಟೆಲಿನಲ್ಲೂ ಅದೇ ಬರೆದಿದೆ. ಮದುವೆಯ ಪತ್ರ ತರಬೇಕಂತೆ. ಕದ್ದು ಇದ್ರೆ ಪೊಲೀಸಂತೆ.”

“ನಮ್ಮ ವಯಸ್ಸು ನೋಡಿದ್ರೆ ಅವರೇ ಕೊಡ್ತಾರೆ ಬಿಡೆ” ಎಂದಳು ಹೊಲಿಗೆಯಮ್ಮ. “ಮೊಣಕಾಲು ನೋವಿನ ಎಣ್ಣೆ ಹಚ್ಕೊಂಡು ಓಡಾಡೋರ ಮೇಲೆ ಯಾರಿಗೆ ಅನುಮಾನ?”

“ವಯಸ್ಸಿನ ಮಾತು ಎಲ್ಲೂ ಇಲ್ಲ ಅತ್ತೆ.”

“ಹಾಗಾದ್ರೆ ಮದುವೆ ಮಾಡ್ಕೊಂಡು ಹೋಗಿ” ಎಂದ ಮಗ, ತಟ್ಟೆಯಿಂದ ಮುಖ ಎತ್ತದೆ.

ಹೊಲಿಗೆಯಮ್ಮನಿಗೆ ಎದೆ ಧಸಕ್ಕೆಂದಿತು. ಅದು ಹೆದರಿಕೆಯೋ ಆಸೆಯೋ ಎಂದು ಅವಳಿಗೇ ತಿಳಿಯಲಿಲ್ಲ.

“ಮನೆ?” ಎಂದಳು ಸೊಸೆ. “ಮದುವೆ ಪತ್ರ ಕೈಗೆ ಬಂದ ತಿಂಗಳೇ ಮನೆ ಖಾಲಿ ಮಾಡಿ ಅಂತಾರೆ. ನಾವೆಲ್ಲಿಗೆ ಹೋಗೋದು? ನಿಮ್ಮ ಲಿಫ್ಟಿನೊಳಗಾ?”

“ನಾನೇನು ಸುಮ್ನೆ ಹೇಳಿದ್ನಾ? ಇರೋ ದಾರಿ ಹೇಳಿದೆ.”

“ಬಾಯಿಗೆ ಬಂದಿದ್ದನ್ನ ಹೇಳೋದು ದಾರಿ ಅಲ್ಲ. ಪಟಾಕಿ ಸ್ಕೂಲು ಇಲ್ಲೇ ಇದೆ, ನನ್ನ ಅಂಗಡಿ ಇಲ್ಲೇ ಇದೆ. ಹೊರಗೆ ಬಾಡಿಗೆ ಎಷ್ಟು ಅಂತ ಗೊತ್ತಾ ನಿಮಗೆ?”

“ಹಾಗಾದ್ರೆ ಎರಡು ರೂಮು ತಗೊಳ್ಳಿ.”

“ವಾರಗಟ್ಟಲೆ ಎರಡು ರೂಮಾ? ಒಂದಕ್ಕೇ ನಾನು ಬಳೆ ಬಿಚ್ಚಿಕೊಟ್ಟಿದೀನಿ.”

ಗಡಿಯಾರದವರು ಮೆಲ್ಲಗೆ, “ನನ್ನ ಕಣ್ಣಿಗೋಸ್ಕರ ನೀವು ನೀವೇ ಕಚ್ಚಾಡ್ಬೇಡಿ. ನಾನೊಬ್ಬನೇ ಹೋಗ್ತೀನಿ” ಎಂದರು. ಹಾಗೆನ್ನುತ್ತಲೇ ನೀರಿನ ಲೋಟಕ್ಕೆ ಚಾಚಿದ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಪಟಾಕಿ ಲೋಟ ತಂದು ಅವರ ಕೈಗೆ ತಾಗಿಸಿ, “ಅಜ್ಜ, ನೀವು ಒಬ್ರೇ ಹೋದ್ರೆ ಬೇರೆ ಯಾರದೋ ಕಣ್ಣು ಹಾಕ್ಸ್ಕೊಂಡು ಬರ್ತೀರಿ” ಎಂದಳು. ಅವರೊಬ್ಬರೇ ನಕ್ಕರು.

ಉಪಾಯ ಹೊಳೆದದ್ದು ಮಗನಿಗೆ. ಕೈ ತೊಳೆದು ಬಂದು, ಟವೆಲಿಗೆ ಒರೆಸಿಕೊಳ್ಳುತ್ತ, “ಅಣ್ಣತಂಗಿ ಅಂತ ಹಾಕು. ಒಡಹುಟ್ಟಿದವರಿಗೆ ಒಂದೇ ರೂಮು ಕೊಡ್ತಾರಾ ನೋಡು” ಎಂದ.

ಸೊಸೆ ನೋಡಿದಳು. “ಕೊಡ್ತಾರಂತೆ.”

“ಮತ್ತೆ? ಇಷ್ಟು ವರ್ಷ ಇಲ್ಲಿ ನಡೆದಿದ್ದು ಅಲ್ಲಿ ನಾಕು ವಾರ ನಡೆಯಲ್ವಾ?”

ಎಲ್ಲರಿಗೂ ಹಗುರವಾಯಿತು. ಹೊಲಿಗೆಯಮ್ಮನಂತೂ ಮಗ ತನ್ನ ಪರವಾಗಿ ತಲೆ ಓಡಿಸಿದನಲ್ಲ ಎಂದು ಒಳಗೊಳಗೇ ಉಬ್ಬಿದಳು. ಪಾಪ, ಒಂದು ಸುಳ್ಳಿನ ನೆರಳಲ್ಲಿ ತಣ್ಣಗೆ ಸಂಸಾರ ಮಾಡಿದವರಿಗೆ ಅದು ಬರೀ ಸುಳ್ಳು ಎಂಬುದೇ ಮರೆತುಹೋಗಿರುತ್ತದೆ. ಇವರ ಮನೆಯಲ್ಲಿ ಆದದ್ದು ಅದೇ.

ಆದರೂ ಮರುದಿನ ಬಟ್ಟೆ ಒಣಹಾಕುವಾಗ ಅವಳು ಮಗನನ್ನು ಮೆಲ್ಲಗೆ ಕೇಳಿದಳು. “ಮದುವೆ ಮಾಡ್ಕೊಳ್ಳಿ ಅಂದ್ಯಲ್ಲ, ನಿಜವಾಗಿ ಅಂದ್ಯಾ?”

ಮಗ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸುತ್ತಿದ್ದ. “ಮನೆ ಒಂದು ಇಲ್ದಿದ್ರೆ ಯಾವಾಗ್ಲೋ ಮಾಡ್ಕೊಂಡಿರ್ತಿದ್ದೆ ಅಲ್ವಾ ಅಮ್ಮ?”

“ಹೂಂ.”

“ಮನೆ ಇದೆಯಲ್ಲ. ಏನು ಮಾಡೋದು?” ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದ.

ಹೋಟೆಲು ಆಸ್ಪತ್ರೆಯ ಎದುರಿನ ಸಂದಿಯಲ್ಲಿತ್ತು. ಮೂರು ಮಹಡಿ, ಕಿರಿದಾದ ಮೆಟ್ಟಿಲು, ಬಾಗಿಲಲ್ಲಿ ಒದ್ದೆ ಗೋಣಿಚೀಲ. ರಿಸೆಪ್ಷನ್ನಿನಲ್ಲಿ ಕೂತಿದ್ದವನು ಮಗನ ವಯಸ್ಸಿನವನು, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ. ಎರಡೂ ಕಡೆಯವರಿಗೆ ಅರೆಬರೆ ಬರುವ ಇಂಗ್ಲಿಷಿನಲ್ಲಿ ಮಾತು ಕುಂಟುತ್ತ ಸಾಗಿತು. ಅವನು ಎರಡೂ ಪಾಸ್‌ಪೋರ್ಟು ತೆರೆದು ಪಕ್ಕಪಕ್ಕ ಇಟ್ಟುಕೊಂಡ. ಎರಡರ ಮೇಲೂ ಬೆರಳಿಟ್ಟು ಓದಿದ.

“ಅಮ್ಮ, ನಿಮ್ಮಿಬ್ಬರ ತಂದೆಯ ಹೆಸರು ಬೇರೆ ಬೇರೆ ಇದೆ.”

ಊರಿನ ಕಾರ್ಖಾನೆಯ ಕಚೇರಿಯಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ. ಆದರೂ ಹೊಲಿಗೆಯಮ್ಮ ಬಿಡಲಿಲ್ಲ. “ಇವರು ನನ್ನ ದೊಡ್ಡಪ್ಪನ ಮಗ. ನಮ್ಮಲ್ಲಿ ದೊಡ್ಡಪ್ಪನ ಮಗ ಅಂದ್ರೆ ಅಣ್ಣನೇ.”

“ನಮ್ಮಲ್ಲಿ ದೊಡ್ಡಪ್ಪನ ಮಗನನ್ನ ಮದುವೆ ಆಗ್ತಾರೆ ಅಮ್ಮ” ಎಂದ ಅವನು ವಿನಯದಿಂದ. “ಅದಕ್ಕೇ ಅವರಿಗೂ ಒಂದೇ ಕೋಣೆ ಕೊಡೋ ಹಾಗಿಲ್ಲ.”

ಗಡಿಯಾರದವರು ಕುರ್ಚಿಯ ಕೈ ಹಿಡಿದು ಎದ್ದರು. ಸುಳ್ಳು ಹೇಳಿ ಸುಸ್ತಾದವರ ಹಾಗೆ ಹೇಳಿದರು: “ನೋಡಪ್ಪ, ನಾವು ಗಂಡಹೆಂಡತಿಯ ಥರ ಇರೋರು. ಬಹಳ ವರ್ಷದಿಂದ.”

“ಪತ್ರ ಇದೆಯಾ?”

“ಪತ್ರ ಒಂದಿಲ್ಲ.”

ಅವನು ಹಿಂದೆ ತಿರುಗಿ ನೋಡಿದ, ದನಿ ತಗ್ಗಿಸಿದ. “ಸಾರ್, ಇದನ್ನ ನೀವು ಹೇಳಿಲ್ಲ, ನಾನು ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ಪೊಲೀಸರಿಗೆ ತಿಳಿಸ್ಬೇಕಾಗುತ್ತೆ. ನಿಮಗೆ ಕೋಣೆ ಕೊಡ್ತೀನಿ. ಅಮ್ಮನಿಗೆ ಹಿಂದಿನ ಬೀದೀಲಿ ಹೆಂಗಸರ ಹಾಸ್ಟೆಲ್ ಇದೆ, ಆಸ್ಪತ್ರೆಗೆ ಬಂದವರ ಕಡೆಯ ಹೆಂಗಸರು ಎಲ್ಲ ಅಲ್ಲೇ ಇರೋದು. ಆದ್ರೆ ಅವರು ಮಹಡಿ ಹತ್ತೋ ಹಾಗಿಲ್ಲ. ಇಲ್ಲಿ, ಈ ಕುರ್ಚಿವರೆಗೆ ಬರಬಹುದು.”

“ಅವರು ಬೋರಲು ಮಲಗಿರ್ಬೇಕು ಕಣಪ್ಪ. ಕಣ್ಣಿಗೆ ಮದ್ದು ಬಿಡೋರು ಬೇಕು. ಅವರು ಈ ಕುರ್ಚಿವರೆಗೆ ಹೇಗೆ ಬರ್ತಾರೆ?”

“ನನಗೆ ಗೊತ್ತಾಗುತ್ತೆ ಅಮ್ಮ. ನನ್ನ ತಾಯಿಯನ್ನೂ ಅದೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ” ಎಂದ. ಅದು ನಿಜವೇ ಇರಬೇಕು, ಅವನ ಕಣ್ಣು ತಗ್ಗಿತು. “ಆದ್ರೆ ಕೋಣೆಯ ಕೀಲಿ ನಾನು ಕೊಡೋದಾದ್ರೂ ಕಾನೂನು ನನ್ನದಲ್ಲ.”

ಬೈಯುವವನಾಗಿದ್ದರೆ ಬೈಯಬಹುದಿತ್ತು. ಒಳ್ಳೆಯವನ ಎದುರು ಏನು ಮಾಡುವುದು? ಹೊಲಿಗೆಯಮ್ಮ ಚೀಲದಿಂದ ಅವರ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೇರೆ ಮಾಡಿದಳು. ಕೌಂಟರಿನ ಮೇಲೆ ಒಂದೇ ಚೀಲ ಎರಡಾಯಿತು.

ಆಪರೇಷನ್ ಚೆನ್ನಾಗಿ ಆಯಿತು. ಸಂಜೆಯೇ ಕಳಿಸಿಕೊಟ್ಟರು. ಹೋಟೆಲಿನ ಬಾಗಿಲವರೆಗೆ ಅವಳೇ ಅವರ ಕುತ್ತಿಗೆಯ ಮೇಲೆ ಕೈಯಿಟ್ಟು, “ನೆಲ ನೋಡಿ, ನೆಲ ನೋಡಿ” ಎನ್ನುತ್ತ ಕರೆತಂದಳು. ಅಲ್ಲಿಂದ ರಿಸೆಪ್ಷನ್ನಿನವನು ಮೇಲೆ ಕರೆದುಕೊಂಡು ಹೋದ. ಮೆಟ್ಟಿಲ ತಿರುವಿನಲ್ಲಿ ಅವರ ಬಗ್ಗಿದ ಬೆನ್ನು ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳು ಗಂಜಿ ಮಾಡಿ, ಸ್ಟೀಲಿನ ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ ತಂದು ಕೌಂಟರಿನಲ್ಲಿ ಕೊಡುತ್ತಿದ್ದಳು. ರಿಸೆಪ್ಷನ್ನಿನವನು ಮೇಲೆ ಕೊಟ್ಟು ಬರುತ್ತಿದ್ದ. “ತಿಂದ್ರಾ?” “ತಿಂತಾರೆ ಅಮ್ಮ.” “ಮದ್ದು ಹಾಕ್ಕೊಂಡ್ರಾ?” “ಹಾಕ್ಕೊಂಡೆ ಅಂದ್ರು.” ಒಂದೇ ಕಣ್ಣಿರುವವನು, ಅದೇ ಕಣ್ಣಿಗೆ, ನೆಲ ನೋಡುತ್ತ, ತಾನೇ ಮದ್ದು ಹಾಕಿಕೊಳ್ಳುವುದು ಹೇಗೆಂದು ಅವಳು ತನ್ನ ಮೇಲೇ ಪ್ರಯೋಗ ಮಾಡಿ ನೋಡಿದಳು. ನೀರು ಕೆನ್ನೆಯ ಮೇಲೆ ಹರಿಯಿತೇ ಹೊರತು ಕಣ್ಣಿಗೆ ಬೀಳಲಿಲ್ಲ. ಕಿಟಕಿಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ನೆಲ ನೋಡುವವರು ಕಿಟಕಿಗೆ ಬರುತ್ತಾರೆಯೇ? ಆದರೂ ನಿಲ್ಲುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಬೆಳಗಿನ ಡಬ್ಬಿ ಹಾಗೆಯೇ ವಾಪಸು ಬಂದಿತ್ತು. ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಹೊಲಿಗೆಯಮ್ಮ ಅತ್ತಿತ್ತ ನೋಡಿದಳು, ಚಪ್ಪಲಿ ಕೈಗೆ ತೆಗೆದುಕೊಂಡಳು, ಮೊಣಕಾಲು ನೋವನ್ನು ಮರೆತು ಮೆಟ್ಟಿಲು ಹತ್ತಿದಳು.

ಬಾಗಿಲು ತಟ್ಟಿದಳು. “ರೀ, ನಾನು.”

ಒಳಗೆ ಮಂಚ ಕಿರ್ರೆಂದಿತು. “ಬಂದ್ಯಾ?”

ಆಗ ಅವಳಿಗೆ ಹೊಳೆಯಿತು. ಬಾಗಿಲು ತೆಗೆಯಬೇಕಾದರೆ ಅವರು ಏಳಬೇಕು. “ಏಳ್ಬೇಡಿ” ಎಂದಳು ಗಾಬರಿಯಿಂದ. “ತಲೆ ಎತ್ಬೇಡಿ. ಗಂಜಿ ಯಾಕೆ ತಿನ್ಲಿಲ್ಲ ಅಷ್ಟು ಹೇಳಿ, ನಾನು ಹೋಗ್ತೀನಿ.”

ಉತ್ತರ ಬರುವಷ್ಟರಲ್ಲಿ ಕಾವಲಿನವನು ಬಂದ, ಅವನ ಹಿಂದೆ ಮ್ಯಾನೇಜರು. ಅವರ ಭಾಷೆ ಅವಳಿಗೆ ತಿಳಿಯದು, ಅವಳದು ಅವರಿಗೆ. ರಟ್ಟೆ ಹಿಡಿದ ಕೈಯ ಭಾಷೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಒಂದು ಚಪ್ಪಲಿ ಮೆಟ್ಟಿಲ ಮೇಲೆ ಬಿತ್ತು, ಎತ್ತಿಕೊಳ್ಳಲು ಬಿಡಲಿಲ್ಲ. ಬೀದಿಯವರೆಗೆ ತಂದು ಬಿಟ್ಟು, ಮ್ಯಾನೇಜರು ಬೆರಳು ತೋರಿಸಿ ‘ಪೊಲೀಸ್’ ಎಂದ. ಹಾಸ್ಟೆಲಿಗೂ ಸುದ್ದಿ ಹೋಯಿತು. ಅಲ್ಲಿನ ಮೇಲ್ವಿಚಾರಕಿ ತಕರಾರಿನವರು ಬೇಡ ಎಂದು ಅವಳ ಹಾಸಿಗೆ ಸುತ್ತಿಸಿದಳು.

ಮನೆಗೆ ಮ್ಯಾನೇಜರೇ ಫೋನು ಮಾಡಿದ: ಗಂಡಸರು ಯಾರಾದರೂ ಬಂದು ಇರಿ, ಇಲ್ಲವಾದರೆ ಕೋಣೆ ಖಾಲಿ ಮಾಡಿಸುತ್ತೇವೆ.

“ಅತ್ತೆ, ಹತ್ಬೇಡಿ ಅಂದ ಮೇಲೆ ಯಾಕೆ ಹತ್ತಿದ್ರಿ?” ಸೊಸೆ ಫೋನಿನಲ್ಲಿ ಅಳುತ್ತಲೇ ಬೈದಳು. “ಈಗ ಇವರು ರಜೆ ಹಾಕಿ ಬರ್ಬೇಕು. ನಾಲ್ಕು ವಾರ ಯಾರು ರಜೆ ಕೊಡ್ತಾರೆ? ಕೆಲಸವೇ ಹೋದ್ರೆ?”

“ಗಂಜಿ ಹಾಗೇ ವಾಪಸ್ ಬಂದಿತ್ತು ಕಣೆ” ಎಂದಳು ಹೊಲಿಗೆಯಮ್ಮ. ಅವಳ ಹತ್ತಿರ ಇದ್ದದ್ದು ಅದೊಂದೇ ಉತ್ತರ.

ಹಾಸ್ಟೆಲಿನ ಜಗಲಿಯಲ್ಲಿ ಅವಳು ಎರಡು ರಾತ್ರಿ ಕಳೆದ ಮೇಲೆ ಮಗ ಬಂದ. ವಿಮಾನ ನಿಲ್ದಾಣದ ಹೊರಗಿನ ಕಲ್ಲುಬೆಂಚಿನ ಮೇಲೆ ತಾಯಿ ಮಗ ಕೂತರು. ಅವನು ಬಂದಿಳಿದ ದಿನವೇ ಅವಳು ಹೊರಡುವುದು. ಅವಳ ಕಾಲಲ್ಲಿ ಹೊಸ ರಬ್ಬರ್ ಚಪ್ಪಲಿ ಇತ್ತು.

“ಎಡಗೈಯಿಂದ ರೆಪ್ಪೆ ಕೆಳಗೆ ಎಳಿ. ಮಲಗಿದ್ದ ಹಾಗೇ ಮುಖ ಒಂದು ಚೂರು ಪಕ್ಕಕ್ಕೆ ತಿರುಗಿಸಿ ಒಂದೇ ಹನಿ ಬಿಡು. ಎದೆ ಕೆಳಗೆ ದಿಂಬು ಇಡು. ಇಲ್ದಿದ್ರೆ ಕುತ್ತಿಗೆ ಹಿಡ್ಕೊಳ್ಳುತ್ತೆ.”

“ಗೊತ್ತು ಅಮ್ಮ. ನಿನ್ನ ಸೊಸೆ ಎಲ್ಲ ಹೇಳಿ ಕಳಿಸಿದಾಳೆ.”

“ಬಿಸಿ ಗಂಜಿ ಕೊಡ್ಬೇಡ, ಅವರಿಗೆ ಆವಿ ಮುಖಕ್ಕೆ ಹೊಡೆಯುತ್ತೆ.”

“ಆಯ್ತು.”

“ಸಿಟ್ಟಲ್ಲಿ ಮಾತಾಡ್ಬೇಡ. ನಿನಗೆ ಅವರನ್ನ ಕಂಡ್ರೆ ಆಗಲ್ಲ ಅಂತ ಗೊತ್ತು.”

ಮಗ ಚೀಲವನ್ನು ಕಾಲಬಳಿಗೆ ಎಳೆದುಕೊಂಡ. “ಆಗಲ್ಲ ಅಂತ ನಾನು ಯಾವತ್ತು ಹೇಳಿದೀನಿ? ಏನಂತ ಕರೀಬೇಕು ಅಂತ ನೀನು ಹೇಳಿಕೊಡ್ಲಿಲ್ಲ. ಅಪ್ಪ ಅಂದ್ರೆ ಮನೆ ಹೋಗುತ್ತೆ. ಮಾವ ಅಂದ್ರೆ ನಗು ಬರುತ್ತೆ. ಸುಮ್ನಿದ್ದೆ.”

ಹೊಲಿಗೆಯಮ್ಮ ಅವನ ಅಂಗಿಯ ಸಡಿಲವಾದ ಗುಂಡಿಯನ್ನು ಬೆರಳಿನಲ್ಲಿ ತಿರುಗಿಸಿದಳು. ಸೂಜಿ ಚೀಲದೊಳಗೆ ಎಲ್ಲೋ ಸೇರಿಹೋಗಿತ್ತು.

ಮನೆಯಲ್ಲಿ ಅವಳ ಕೈ ಒಂದು ಗಳಿಗೆ ಸುಮ್ಮನಿರಲಿಲ್ಲ. ಸೊಸೆ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಂತು ದುಡಿಯತೊಡಗಿದ್ದಳು; ಬಂದವಳಿಗೆ ಬಿಸಿನೀರು, ಪಟಾಕಿಗೆ ಜಡೆ, ಬುತ್ತಿ, ಹೊಲಿಗೆಗೆ ಬಂದ ಪರದೆಗಳ ಅಂಚು. ಅತ್ತೆಸೊಸೆ ಮಾತಾಡಿದರೆ ಜಗಳವಾದೀತೆಂದು ತರಕಾರಿಯ ಬಗ್ಗೆ ಮಾತ್ರ ಮಾತಾಡುತ್ತಿದ್ದರು.

ಸಂಜೆ ಮಗ ಫೋನು ಮಾಡುತ್ತಿದ್ದ. ಎರಡು ಸ್ಟೂಲುಗಳ ನಡುವೆ ಪಟ್ಟಿ ಕಟ್ಟಿ, ಹಣೆ ಊರಿಕೊಳ್ಳಲು ಟವೆಲು ಸುತ್ತಿ, ಕೆಳಗೆ ತಟ್ಟೆ ಇಡುವಂತೆ ಏನೋ ಮಾಡಿಕೊಟ್ಟಿದ್ದ. ಅದೇ ಜಾಗದಲ್ಲಿ ಫೋನನ್ನೂ ಮೇಲ್ಮುಖವಾಗಿ ಇಡುತ್ತಿದ್ದ. ಹೊಲಿಗೆಯಮ್ಮನಿಗೆ ಕಾಣುತ್ತಿದ್ದದ್ದು ಕೆಳಗೆ ಜೋಲುವ ಕೆನ್ನೆ, ಊದಿದ ರೆಪ್ಪೆ, ಬೆಳೆದ ಗಡ್ಡ.

“ಕಾಣಿಸ್ತೀನಾ?” ಎಂದು ಕೇಳುತ್ತಿದ್ದಳು.

“ಇನ್ನೂ ಇಲ್ಲ. ನೀರೊಳಗೆ ನೋಡಿದ ಹಾಗಿದೆ.”

“ಅವನು ಸರಿಯಾಗಿ ನೋಡ್ಕೊಳ್ತಾನಾ?”

“ನಿನ್ನಷ್ಟು ಬೈಯಲ್ಲ” ಎನ್ನುತ್ತಿದ್ದರು ಗಡಿಯಾರದವರು. ಹಿಂದಿನಿಂದ ಮಗನ ನಗು ಕೇಳಿಸುತ್ತಿತ್ತು. ಅವಳಿಗೆ ಸಂತೋಷವಾಗುತ್ತಿತ್ತು. ತಾನಿಲ್ಲದ ಕೋಣೆಯಲ್ಲಿ ಅವರಿಬ್ಬರೂ ನಗುತ್ತಿದ್ದಾರಲ್ಲ ಎಂದು ಸಣ್ಣ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಗಾಳಿ ಕರಗಿತು, ವಿಮಾನ ಹತ್ತಿದರು, ಮನೆಗೆ ಬಂದರು. ಬಾಗಿಲಲ್ಲಿ ಗಡಿಯಾರದವರು ತಲೆ ಎತ್ತಿ ನಿಂತಾಗ ಪಟಾಕಿ ಎರಡು ಬೆರಳು ಹಿಡಿದು, “ಎಷ್ಟು?” ಎಂದಳು. ಅವರು ಅವಳ ದನಿ ಬಂದ ಕಡೆ ಕೈ ಚಾಚಿ ಬೆರಳುಗಳನ್ನು ಹಿಡಿದು, ಮುಟ್ಟಿ, “ಎರಡು” ಎಂದರು. ಪಟಾಕಿ ಆ ದಿನ ಮತ್ತೆ ಮಾತಾಡಲಿಲ್ಲ.

ಊರಿನ ಡಾಕ್ಟರಮ್ಮ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಹೊಲಿಗೆಯಮ್ಮ, ಮಗ ಇಬ್ಬರೂ ಗೋಡೆಗೊರಗಿ ನಿಂತಿದ್ದರು.

“ಕೆಳಗಿನ ಅಂಚಿನಲ್ಲಿ ಮತ್ತೆ ಎದ್ದಿದೆ. ಬೆಳಕು ಗೊತ್ತಾಗುತ್ತೆ, ಅದಕ್ಕಿಂತ ಹೆಚ್ಚು ಇನ್ನು ಕಷ್ಟ” ಎಂದರು. “ತಲೆ ಬಗ್ಗಿಸಿಯೇ ಇದ್ರಾ ಅಷ್ಟೂ ದಿನ?”

“ಇದ್ದೆ” ಎಂದರು ಗಡಿಯಾರದವರು.

“ಮೊದಲ ದಿನಗಳಲ್ಲಿ ಎದ್ದು ಓಡಾಡಿದ್ರಾ?”

“ಒಂದು ಸಲ. ನೀರು ಬೇಕಾಗಿತ್ತು.”

ಮಗ ಬಾಯಿ ತೆರೆದವನು ಮುಚ್ಚಿಕೊಂಡ. ಅವನು ನಿಜ ನುಂಗುವಾಗ ಗಂಟಲು ಹೇಗೆ ಏರಿಳಿಯುತ್ತದೆಂದು ಹೆತ್ತವಳಿಗೆ ಗೊತ್ತಿರುವುದಿಲ್ಲವೇ?

“ಅದರಿಂದಲೇ ಆಯ್ತಾ ಡಾಕ್ಟ್ರೇ?” ಎಂದು ಕೇಳಿದಳು.

“ಹೇಳೋಕಾಗಲ್ಲ ಅಮ್ಮ. ಅದರಿಂದಲೂ ಇರಬಹುದು, ಅಲ್ಲದೆಯೂ ಇರಬಹುದು. ಎರಡನೇ ಸಲ ಅಂಟಿಸಿದ್ದು ಎಷ್ಟೋ ಜನರಿಗೆ ನಿಲ್ಲಲ್ಲ.”

ಮನೆಗೆ ಬಂದ ಮೇಲೆ ಅವಳು ಮಗನನ್ನು ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿಕೊಂಡಳು. “ನೀರಿಗೆ ಎದ್ದಿದ್ದಲ್ಲ.”

“ಬಿಡು ಅಮ್ಮ.”

“ಹೇಳು.”

“ಹೇಳ್ಬೇಡ ಅಂತ ಅವರೇ ಆಣೆ ಹಾಕಿಸ್ಕೊಂಡಿದಾರೆ.”

“ಹೆತ್ತೋಳು ಕೇಳ್ತಿದೀನಿ.”

ಮಗ ನಲ್ಲಿ ತಿರುಗಿಸಿದ, ಮತ್ತೆ ನಿಲ್ಲಿಸಿದ. “ನಿನ್ನನ್ನ ಹೊರಗೆ ಕಳಿಸಿದ್ರಲ್ಲ, ಆ ಮಧ್ಯಾಹ್ನ. ಇವರು ಗೋಡೆ ಹಿಡ್ಕೊಂಡು ಮೆಟ್ಟಿಲು ಇಳಿದು ಬೀದಿಗೆ ಬಂದ್ರಂತೆ. ರಿಸೆಪ್ಷನ್ನಿನವನು ಹೇಳಿದ. ಕಣ್ಣಿಗೆ ಪಟ್ಟಿ ಇದೆ, ತಲೆ ಎತ್ಕೊಂಡು, ಆ ತುದಿಯಿಂದ ಈ ತುದಿಗೆ. ಒಳಗೆ ಬನ್ನಿ ಅಂದ್ರೆ ಬರ್ಲಿಲ್ವಂತೆ. ಕತ್ತಲಾಗೋವರೆಗೆ.”

ಹೊಲಿಗೆಯಮ್ಮ ಆ ಹೊತ್ತಿನಲ್ಲಿ ಹಿಂದಿನ ಬೀದಿಯಲ್ಲಿ ಹಾಸಿಗೆ ಸುತ್ತುತ್ತಿದ್ದಳು. ನಡುವೆ ಇದ್ದದ್ದು ಒಂದು ಸಾಲು ಕಟ್ಟಡ.

ಒಳಗೆ ಸೊಸೆ ಅನ್ನ ಇಳಿಸಿದ್ದಳು. ಬೆಳಿಗ್ಗೆ ಮನೆಗೆ ಬಂದಾಗಿನಿಂದ ಅವಳು ಯಾರನ್ನೂ ಬೈದಿರಲಿಲ್ಲ. ಪಟಾಕಿಯನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಗಡಿಯಾರದವರು ಗೋಡೆಗೊರಗಿ ಕೂತಿದ್ದರು. ಹೊಲಿಗೆಯಮ್ಮ ತಟ್ಟೆ ತಂದು ಎದುರಿಗೆ ಕೂತಳು.

“ಏಳ್ಬೇಡಿ ಅಂತ ಕೂಗಿ ಹೇಳಿದ್ದೆನಲ್ರೀ” ಎಂದಳು. “ಕೇಳಿಸ್ಲಿಲ್ವಾ?”

ಅವರು ಮಗನಿದ್ದಾನೆಂದುಕೊಂಡ ಕಡೆ ಮುಖ ತಿರುಗಿಸಿದರು, ಅವನು ಅಲ್ಲಿರಲಿಲ್ಲ. ಹೇಳಿದರು: “ಕೇಳಿಸ್ತು. ಅದಾದ ಮೇಲೆ ನಿನ್ನನ್ನ ಎಳ್ಕೊಂಡು ಹೋಗೋದೂ ಕೇಳಿಸ್ತು. ಅದನ್ನ ಕೇಳಿಸ್ಕೊಂಡು ನಾನು ನೆಲ ನೋಡ್ತಾ ಮಲಗಿರ್ಲಾ?”

“ನಾನು ಬಾಗಿಲು ತಟ್ಟದೇ ಇದ್ದಿದ್ರೆ…”

“ತಟ್ಟದೇ ಇದ್ದಿದ್ರೆ ನಾನೇ ಇಳಿದು ಬರ್ತಿದ್ದೆ. ಗಂಜಿ ಯಾಕೆ ತಿಂದಿರ್ಲಿಲ್ಲ ಅಂದ್ಕೊಂಡೆ? ತಿನ್ನದೆ ಇದ್ರೆ ನಿನ್ನನ್ನ ಮೇಲಕ್ಕೆ ಬಿಡ್ತಾರೇನೋ ಅಂತ.”

ಅವಳು ಯಾರನ್ನು ಬೈಯುತ್ತಾಳೆ? ಅವರ ಕೈ ಹಿಡಿದು ತಟ್ಟೆಯ ಅಂಚಿಗೆ ತಂದಳು.

“ಇಲ್ಲಿ ಅನ್ನ. ಎಡಗಡೆ ಸೊಪ್ಪು. ಬಿಸಿ ಇದೆ, ನಿಧಾನ” ಎಂದಳು. ಅವರು ತುತ್ತು ಕಲಸತೊಡಗಿದರು. ಅವಳು ಅವರ ಬೆರಳುಗಳನ್ನು ಅನ್ನದಿಂದ ಸೊಪ್ಪಿಗೆ, ಸೊಪ್ಪಿನಿಂದ ಅನ್ನಕ್ಕೆ ತಿರುಗಿಸುತ್ತ ಕೂತಳು.